ನಕ್ಷೆಯಲ್ಲಿ ಹೆಸರಿದೆ, ಊರಿಲ್ಲ: ಪೋಲೆಂಡಿನ ಬ್ಯೆಶ್ಚಾದಿ ಜಿಲ್ಲೆ

ಓದುಗರ ಪ್ರಶ್ನೆ: ನನ್ನ ಮಗಳು ಪೋಲೆಂಡಿನ ಕ್ರಾಕುಫ್‌ನಲ್ಲಿ ಓದುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಗೆಳತಿಯರ ಜೊತೆ ಬ್ಯೆಶ್ಚಾದಿ ಅನ್ನುವ ಬೆಟ್ಟದ ಜಿಲ್ಲೆಗೆ ಹೋಗಿದ್ದಳು. ನಕ್ಷೆಯಲ್ಲಿ ಬೆನ್ಯೋವಾ ಅಂತ ಊರ ಹೆಸರಿತ್ತಂತೆ. ನಡೆದು ಹೋದರೆ ಅಲ್ಲಿ ಒಂದು ಮನೆಯೂ ಇಲ್ಲ. ಹುಲ್ಲು, ಒಂದು ಭಾರೀ ಮರ, ಕೆಲವು ಹಳೇ ಗೋರಿಕಲ್ಲು, ಅಷ್ಟೇ. ಆ ಊರು ಎಲ್ಲಿಗೆ ಹೋಯಿತು? ಅದು ಮನುಷ್ಯರು ಮುಟ್ಟದ ಕಾಡು ಅಂತ ಕೆಲವರು ಹೇಳುತ್ತಾರೆ, ನಿಜವೇ? ಅಕ್ಟೋಬರ್‌ನಲ್ಲಿ ಅವಳು ಮತ್ತೆ ಹೋಗಬೇಕು ಅಂತಿದ್ದಾಳೆ. ಅಲ್ಲಿ ಏನು ನೋಡಬೇಕು ಅಂತಲೂ ತಿಳಿಸಿ.

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬೆನ್ಯೋವಾ ತಾನಾಗಿ ಹಾಳಾದ ಊರಲ್ಲ. ಅದನ್ನು ಖಾಲಿ ಮಾಡಿಸಿದರು. ಬೆನ್ಯೋವಾ ಒಂದೇ ಅಲ್ಲ, ಆ ಕಣಿವೆಗಳ ಹತ್ತಾರು ಊರುಗಳ ಕಥೆಯೂ ಇದೇ. ನಿಮ್ಮ ಮಗಳು ಕಣಿವೆಯಲ್ಲಿ ನೋಡಿದ ಕಾಡಿನ ಬಹುಪಾಲಿಗೆ ಎಂಬತ್ತು ವರ್ಷ ಕೂಡ ತುಂಬಿಲ್ಲ. ಅದಕ್ಕೂ ಮೊದಲು ಅಲ್ಲಿ ಓಟ್ಸ್ ಮತ್ತು ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಿದ್ದವು. ಹಾಗಾಗಿ 'ಮುಟ್ಟದ ಕಾಡು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮ ಕಂದಾಯ ದಾಖಲೆಗಳಲ್ಲಿ 'ಬೇಚಿರಾಗ್ ಗ್ರಾಮ' ಅಂತ ಒಂದು ಮಾತಿದೆ, ಗೊತ್ತಿರಬಹುದು. ಚಿರಾಗ್ ಅಂದರೆ ದೀಪ. ಊರಿಗೆ ಹೆಸರಿದೆ, ಗಡಿಯಿದೆ, ದೀಪ ಹಚ್ಚುವವರು ಮಾತ್ರ ಇಲ್ಲ. ಬೆನ್ಯೋವಾಕ್ಕೆ ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ.

ಈಗ ಜಾಗ ಯಾವುದು ಅಂತ ನೋಡೋಣ. ಪೋಲೆಂಡಿನ ನಕ್ಷೆಯಲ್ಲಿ ಬಲಗಡೆ ಕೆಳಗಿನ ಮೂಲೆಗೆ ಬೆರಳಿಡಿ. ಒಂದು ಕಡೆ ಸ್ಲೊವಾಕಿಯಾ, ಇನ್ನೊಂದು ಕಡೆ ಯುಕ್ರೇನ್. ಪೋಲೆಂಡಿನಲ್ಲಿ ಪ್ರಾಂತದ ಕೆಳಗೆ 'ಪೊವ್ಯಾತ್', ಅದರ ಕೆಳಗೆ 'ಗ್ಮಿನಾ' ಬರುತ್ತವೆ. ಪೊವ್ಯಾತನ್ನು ನಮ್ಮ ದೊಡ್ಡ ತಾಲ್ಲೂಕು ಅಂದುಕೊಳ್ಳಬಹುದು, ಗ್ಮಿನಾವನ್ನು ಹೋಬಳಿ ಅಂದುಕೊಳ್ಳಬಹುದು. ನಾನು ಇಲ್ಲಿ ಜಿಲ್ಲೆ ಅನ್ನುತ್ತಿರುವುದು ಬ್ಯೆಶ್ಚಾದಿ ಪೊವ್ಯಾತ್‌ಗೆ. ಅದರಲ್ಲಿ ಮೂರೇ ಗ್ಮಿನಾಗಳಿವೆ: ಉಸ್ಟ್‌ಶಿಕಿ ದೋಲ್ನೆ, ಚಾರ್ನಾ, ಲುತೊವಿಸ್ಕಾ. ವಿಸ್ತೀರ್ಣ ಸುಮಾರು 1,138 ಚದರ ಕಿ.ಮೀ. ಜನ 20 ಸಾವಿರದ ಆಸುಪಾಸು. ಅದರಲ್ಲೂ ತೆಂಕಣ ತುದಿಯ ಲುತೊವಿಸ್ಕಾ ಗ್ಮಿನಾ ನೋಡಿ. 476 ಚದರ ಕಿ.ಮೀ. ನೆಲ, 2 ಸಾವಿರದಷ್ಟು ಜನ. ಚದರ ಕಿ.ಮೀ.ಗೆ ನಾಲ್ಕೈದು ಮಂದಿ! ಇಡೀ ಪೋಲೆಂಡಿನ ಸರಾಸರಿ 120ರ ಹತ್ತಿರ ಇದೆ. ದೇಶದಲ್ಲಿ ಇಷ್ಟು ವಿರಳವಾಗಿ ಜನ ಇರುವ ಜಿಲ್ಲೆ ಬೇರೆ ಇಲ್ಲ.

ಬೆಟ್ಟಗಳು ಎತ್ತರವೇನಲ್ಲ. ಎಲ್ಲಕ್ಕಿಂತ ದೊಡ್ಡದು ತಾರ್ನಿತ್ಸಾ, 1,346 ಮೀಟರ್. ಆದರೆ ಆ ಬೆಟ್ಟಗಳು ನಿಂತಿರುವ ರೀತಿ ಚೆಂದ. ಮರಳುಗಲ್ಲು ಒಂದು ಪದರ, ಜೇಡಿಗಲ್ಲು ಒಂದು ಪದರ, ಹೀಗೆ ಕಡಲ ತಳದಲ್ಲಿ ಪೇರಿಸಿಕೊಂಡ ಕಲ್ಲು ಆಮೇಲೆ ಮಡಿಚಿಕೊಂಡು ಮೇಲೆದ್ದಿದೆ. ಗಟ್ಟಿ ಕಲ್ಲು ಉದ್ದನೆಯ ಏಣಾಗಿ ಉಳಿಯಿತು, ಮೆತ್ತನೆಯದು ಕೊರೆದು ಕಣಿವೆಯಾಯಿತು. ಮೇಲಿನಿಂದ ನೋಡಿದರೆ ಉತ್ತ ಹೊಲದ ಸಾಲುಗಳ ಹಾಗೆ ಒಂದರ ಹಿಂದೆ ಒಂದು ಏಣು, ಎಲ್ಲವೂ ವಾಯುವ್ಯದಿಂದ ಆಗ್ನೇಯಕ್ಕೆ. ಸುಮಾರು 1,150 ಮೀಟರ್‌ವರೆಗೆ ಬೀಚ್ ಮರದ ಕಾಡು. ಬೇರೆ ಕಾರ್ಪಾಥಿಯನ್ ಬೆಟ್ಟಗಳಲ್ಲಿ ಬೀಚ್ ಮುಗಿದ ಮೇಲೆ ಸ್ಪ್ರೂಸ್ ಮರಗಳ ಪಟ್ಟಿ ಬರುತ್ತದೆ. ಇಲ್ಲಿ ಅದಿಲ್ಲ. ಕುಳ್ಳಾಗಿ ತಿರುಚಿಕೊಂಡ ಬೀಚ್ ಮರಗಳು, ಅದರ ಮೇಲೆ ಒಮ್ಮೆಲೇ ಬಯಲು ಹುಲ್ಲು. ಈ ಹುಲ್ಲು ನೆತ್ತಿಗೆ 'ಪೊವೊನಿನಾ' ಅಂತಾರೆ. ಗಾಳಿ ಬೀಸಿದಾಗ ಇಡೀ ನೆತ್ತಿ ಅಲೆಯಾಗುತ್ತದೆ. ಅದರಲ್ಲೂ ಮನುಷ್ಯರ ಪಾಲಿದೆ. ನೂರಾರು ವರ್ಷ ದನ ಮೇಯಿಸಿದ್ದರಿಂದ ಆ ಹುಲ್ಲು ಕೆಳಕ್ಕೆ ಹಬ್ಬಿಕೊಂಡಿತು.

ಜಿಲ್ಲೆಯ ಜೀವನಾಡಿ ಸಾನ್ ನದಿ. ತುತ್ತತುದಿಯಲ್ಲಿ, ಯುಕ್ರೇನ್ ಗಡಿಯ ಹತ್ತಿರ ಒಂದು ಸಣ್ಣ ಒರತೆಯಾಗಿ ಹುಟ್ಟಿ, ಸುಮಾರು 450 ಕಿ.ಮೀ. ಹರಿದು ವಿಸ್ತುಲಾ ನದಿಯನ್ನು ಸೇರುತ್ತದೆ. ಆರಂಭದಲ್ಲಿ ಹಾರಿ ದಾಟಬಹುದಾದ ತೊರೆ ಅದು. ಮುಂದೆ ಹೇಳುವ ಕಥೆಗೆಲ್ಲ ಈ ತೊರೆಯೇ ಕಾರಣವಾಯಿತು. ನೀರು ತಪ್ಪು ಮಾಡಲಿಲ್ಲ ಬಿಡಿ, ಅದನ್ನು ಗೆರೆ ಅಂತ ಬಳಸಿದವರು ಮಾಡಿದರು.

ಈ ಕಣಿವೆಗಳಿಗೆ ಜನ ಬಂದದ್ದು ಹೆಚ್ಚಾಗಿ 15 ಮತ್ತು 16ನೇ ಶತಮಾನದಲ್ಲಿ. ಪೋಲಿಷ್ ಜಮೀನ್ದಾರರು 'ವಾಲಾಕಿಯನ್ ಕಾನೂನು' ಅನ್ನುವ ಪದ್ಧತಿಯಲ್ಲಿ ಕುರಿಗಾಹಿಗಳನ್ನೂ ರೈತರನ್ನೂ ನೆಲೆಗೊಳಿಸಿದರು. ಕಾಡು ಕಡಿದು ಊರು ಕಟ್ಟಿದರೆ ಕೆಲವು ವರ್ಷ ಕಂದಾಯ ಮಾಫಿ. ಹಾಗೆ ಬಂದವರ ಮಕ್ಕಳು ಮೊಮ್ಮಕ್ಕಳೇ ಬೋಯ್ಕೊ ಅನ್ನುವ ಬೆಟ್ಟದ ಜನ. ಅವರ ಮಾತು ಯುಕ್ರೇನಿಯನ್‌ಗೆ ಸೇರಿದ್ದು. ಅವರ ಪೂಜೆ ಪೂರ್ವದ ಕ್ರೈಸ್ತ ಪದ್ಧತಿಯದು, ಆದರೆ ರೋಮಿನ ಪೋಪರನ್ನು ಒಪ್ಪುವ ಗ್ರೀಕ್ ಕ್ಯಾಥೊಲಿಕ್ ಸಭೆ. ಮನೆಗಳು ಉದ್ದನೆಯ ಮರದ ಮನೆಗಳು. ಒಂದೇ ಸೂರಿನ ಕೆಳಗೆ ಮನುಷ್ಯರ ಕೋಣೆ, ಒಕ್ಕುವ ಜಾಗ, ದನದ ಕೊಟ್ಟಿಗೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಬೋಯ್ಕೊಗಳು ಎತ್ತು ಸಾಕುವುದರಲ್ಲಿ ಹೆಸರಾದವರು. ಲುತೊವಿಸ್ಕಾದ ದನದ ಜಾತ್ರೆಗೆ ದೂರದೂರದಿಂದ ವ್ಯಾಪಾರಿಗಳು ಬರುತ್ತಿದ್ದರು. ಊರುಗಳಲ್ಲಿ ಬೋಯ್ಕೊಗಳು, ಪೇಟೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಯಹೂದಿಗಳು, ಇಬ್ಬರ ನಡುವೆ ಪೋಲಿಷರು. 1772ರಲ್ಲಿ ಪೋಲೆಂಡನ್ನು ಹಂಚಿಕೊಂಡಾಗ ಈ ನೆಲ ಆಸ್ಟ್ರಿಯಾದ ಪಾಲಾಯಿತು. 1872ರಲ್ಲಿ ಉಸ್ಟ್‌ಶಿಕಿ ದೋಲ್ನೆ ಮೂಲಕ ಹಂಗೇರಿ ಕಡೆಗೆ ರೈಲು ಬಂತು. ಚಾರ್ನಾ ಸುತ್ತಮುತ್ತ ಕಲ್ಲೆಣ್ಣೆ ಬಾವಿಗಳನ್ನು ತೋಡಿದರು. 1918ರಲ್ಲಿ ಮತ್ತೆ ಪೋಲೆಂಡ್. ಬಡತನ ಇತ್ತು, ಜಗಳಗಳೂ ಇದ್ದವು. ಆದರೂ ಕಣಿವೆಗಳು ತುಂಬಿದ್ದವು.

ಇಲ್ಲಿಂದ ಮುಂದಿನ ಹನ್ನೆರಡು ವರ್ಷವನ್ನು ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ.

1939ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಪೋಲೆಂಡನ್ನು ಹಂಚಿಕೊಂಡವು. ಇಲ್ಲಿ ಗಡಿಯಾದದ್ದು ಸಾನ್ ನದಿ. ಎಡದಂಡೆ ಹಿಟ್ಲರನಿಗೆ, ಬಲದಂಡೆ ಸ್ಟಾಲಿನ್‌ಗೆ. ಬೆನ್ಯೋವಾದಂಥ ಊರುಗಳು ನದಿಯ ಎರಡೂ ದಂಡೆಯಲ್ಲಿ ಹರಡಿದ್ದವು. ಹೊಲ ಆ ಕಡೆ, ಮನೆ ಈ ಕಡೆ, ನಡುವೆ ಸೈನಿಕರು. 1941ರಲ್ಲಿ ಜರ್ಮನರು ಬಲದಂಡೆಯನ್ನೂ ಹಿಡಿದರು. 1942ರ ಜೂನ್‌ನಲ್ಲಿ ಲುತೊವಿಸ್ಕಾದಲ್ಲಿ ಸುಮಾರು 650 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಒಂದು ಪೇಟೆಯ ಬದುಕು ಅಲ್ಲಿಗೆ ಮುಗಿಯಿತು.

ಆಮೇಲೆ ನೆರೆಹೊರೆಯವರ ನಡುವೆಯೇ ರಕ್ತ ಹರಿಯಿತು. ಯುಕ್ರೇನಿಯನ್ ಬಂಡಾಯ ಸೇನೆ ಸ್ವತಂತ್ರ ಯುಕ್ರೇನಿಗಾಗಿ ಈ ಕಾಡಿನಿಂದ ಹೋರಾಡುತ್ತಿತ್ತು. 1944ರ ಆಗಸ್ಟ್‌ನಲ್ಲಿ ಮುಚ್ನೆ ಅನ್ನುವಲ್ಲಿ ಆಶ್ರಯ ಪಡೆದಿದ್ದ 70ಕ್ಕೂ ಹೆಚ್ಚು ಪೋಲಿಷರನ್ನು ಅವರು ಕೊಂದರು, ಅದರಲ್ಲಿ ಹೆಂಗಸರು ಮಕ್ಕಳೂ ಇದ್ದರು. ಇದನ್ನು ಬಿಟ್ಟು ಮುಂದಿನದನ್ನು ಹೇಳಿದರೆ ಕಥೆ ಸುಳ್ಳಾಗುತ್ತದೆ. ಮುಂದಿನದನ್ನು ಬಿಟ್ಟು ಇದೊಂದನ್ನೇ ಹೇಳಿದರೂ ಅಷ್ಟೇ.

ಯುದ್ಧ ಮುಗಿದ ಮೇಲೆ ಗಡಿ ಮತ್ತೆ ಸಾನ್ ನದಿಗೇ ಬಂತು. ಬಲದಂಡೆಯ ಉಸ್ಟ್‌ಶಿಕಿ ದೋಲ್ನೆ, ಚಾರ್ನಾ, ಲುತೊವಿಸ್ಕಾ ಎಲ್ಲ ಸೋವಿಯತ್ ಒಕ್ಕೂಟದಲ್ಲಿ. ಎಡದಂಡೆ ಪೋಲೆಂಡಿನಲ್ಲಿ. ಹಾಗಾಗಿ ಇಂದಿನ ಒಂದೇ ಜಿಲ್ಲೆ ಎರಡು ಸಲ, ಎರಡು ಬೇರೆ ಬೇರೆ ರೀತಿಯಲ್ಲಿ ಖಾಲಿಯಾಯಿತು.

ಮೊದಲು ಎಡದಂಡೆ. 1944ರ ಸೆಪ್ಟೆಂಬರ್‌ನಲ್ಲಿ ಎರಡು ಸರ್ಕಾರಗಳು ಜನರ ವಿನಿಮಯಕ್ಕೆ ಒಪ್ಪಂದ ಮಾಡಿಕೊಂಡವು. ಪೋಲೆಂಡಿನಲ್ಲಿರುವ ಯುಕ್ರೇನಿಯನ್ನರು ಸೋವಿಯತ್ ಯುಕ್ರೇನಿಗೆ, ಅಲ್ಲಿರುವ ಪೋಲಿಷರು ಇಲ್ಲಿಗೆ. ಕಾಗದದಲ್ಲಿ ಇದು ಅವರವರ ಇಷ್ಟ. ನಿಜದಲ್ಲಿ ಸೈನ್ಯ ಬಂದು ಊರು ಬಿಡಿಸಿತು. 1946ರವರೆಗೆ ಪೋಲೆಂಡಿನಿಂದ ಹೀಗೆ ಹೋದವರು ಸುಮಾರು 4,80,000. ಉಳಿದವರನ್ನು 'ವಿಸ್ತುಲಾ ಕಾರ್ಯಾಚರಣೆ' ಎತ್ತಿಕೊಂಡು ಹೋಯಿತು. 1947ರ ಮಾರ್ಚ್ 28ರಂದು ಪಕ್ಕದ ಯಾಬ್ವೊಂಕಿಯಲ್ಲಿ ಪೋಲೆಂಡಿನ ಉಪ ರಕ್ಷಣಾ ಮಂತ್ರಿ ಜನರಲ್ ಕರೋಲ್ ಶ್ವ್ಯೆರ್ಚೆವ್ಸ್ಕಿ ಯುಕ್ರೇನಿಯನ್ ಬಂಡಾಯ ಸೇನೆಯ ಹೊಂಚು ದಾಳಿಯಲ್ಲಿ ಸತ್ತರು. ಅದನ್ನೇ ನೆಪ ಮಾಡಿಕೊಂಡು ಏಪ್ರಿಲ್ 28ರಂದು ಕಾರ್ಯಾಚರಣೆ ಶುರುವಾಯಿತು. ಸುಮಾರು 1,40,000 ಜನರನ್ನು, ಬೋಯ್ಕೊಗಳನ್ನು, ಪಡುವಣ ಪಕ್ಕದ ಬೆಟ್ಟಗಳ ಲೆಮ್ಕೊಗಳನ್ನು, ಇತರ ಯುಕ್ರೇನಿಯನ್ನರನ್ನು, ಯುದ್ಧದ ನಂತರ ಜರ್ಮನಿಯಿಂದ ಪೋಲೆಂಡಿಗೆ ಸಿಕ್ಕಿದ್ದ ಬಡಗಣ ಮತ್ತು ಪಡುವಣ ಸೀಮೆಗೆ ರೈಲಿನಲ್ಲಿ ಸಾಗಿಸಿದರು. ಅಲ್ಲೂ ಒಂದೇ ಕಡೆ ಇರಲು ಬಿಡಲಿಲ್ಲ. ಒಂದೂರಿನವರನ್ನು ಹತ್ತೂರಿಗೆ ಚದುರಿಸಿದರು. ಹಿಂದೆ ಉಳಿದ ಮನೆಗಳು ಸುಟ್ಟವು, ಇಲ್ಲವೇ ಕುಸಿದವು. ಬೆನ್ಯೋವಾ, ಬುಕೊವ್ಯೆತ್ಸ್, ತ್ಸಾರಿನ್ಸ್ಕ್ಯೆ, ವೊವೊಸಾತೆ ಎಲ್ಲ ಖಾಲಿಯಾದದ್ದು ಈ ಮೂರ್ನಾಲ್ಕು ವರ್ಷದಲ್ಲಿ.

ಬಲದಂಡೆಯ ಬೋಯ್ಕೊಗಳು ಮಾತ್ರ ಇನ್ನೂ ತಮ್ಮ ಮನೆಗಳಲ್ಲಿದ್ದರು, ಸೋವಿಯತ್ ಪ್ರಜೆಗಳಾಗಿ. ಅವರ ಸರದಿ 1951ರಲ್ಲಿ ಬಂತು. ಅದರ ಹಿಂದಿನ ಕಾರಣ ಕಲ್ಲಿದ್ದಲು. ಬುಗ್ ನದಿ ಸೀಮೆಯ ಬೆಲ್ಜ್, ಕ್ರಿಸ್ತಿನೊಪೋಲ್ ಸುತ್ತಮುತ್ತ ಪೋಲೆಂಡಿನ ನೆಲದಲ್ಲಿ ಒಳ್ಳೆ ಕಲ್ಲಿದ್ದಲು ಇತ್ತು. ಮಾಸ್ಕೋಗೆ ಅದು ಬೇಕಿತ್ತು. 1951ರ ಫೆಬ್ರವರಿ 15ರಂದು ಒಪ್ಪಂದಕ್ಕೆ ಸಹಿ ಬಿತ್ತು. 480 ಚದರ ಕಿ.ಮೀ. ಕೊಟ್ಟು 480 ಚದರ ಕಿ.ಮೀ. ತೆಗೆದುಕೊಳ್ಳುವುದು. ಪೋಲೆಂಡಿಗೆ ಸಿಕ್ಕಿದ್ದು ಉಸ್ಟ್‌ಶಿಕಿ ಸೀಮೆ, ಬತ್ತುತ್ತಿದ್ದ ಎಣ್ಣೆ ಬಾವಿಗಳ ಸಮೇತ. ಅಳತೆಯಲ್ಲಿ ಸಮ, ಬೆಲೆಯಲ್ಲಿ ಅಲ್ಲ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು. ನೆಲವನ್ನು ಬರಿದು ಮಾಡಿಕೊಟ್ಟರು. ಬೆಟ್ಟದಲ್ಲಿ ಎತ್ತು ಸಾಕಿದ್ದ ಬೋಯ್ಕೊಗಳನ್ನು ತೆಂಕಣ ಯುಕ್ರೇನಿನ ಮರವಿಲ್ಲದ ಬಯಲಿಗೆ, ಒಡೆಸ್ಸಾ, ಹೆರ್ಸೊನ್ ಕಡೆಗೆ ಕಳಿಸಿದರು. ಬೆಲ್ಜ್ ಕಡೆಯ ಕಪ್ಪು ಮಣ್ಣಿನಲ್ಲಿ ಗೋಧಿ ಬೆಳೆದಿದ್ದ ಪೋಲಿಷರನ್ನು ಈ ಕಲ್ಲು ಬೆಟ್ಟಕ್ಕೆ ತಂದರು. ಎರಡೂ ಕಡೆಯವರಿಗೆ ಹೊಸ ನೆಲದ ಬೇಸಾಯವೇ ಗೊತ್ತಿರಲಿಲ್ಲ. ಬಂದವರು ಬೇರೆಯವರ ಒಲೆ, ಬೇರೆಯವರ ಬಾವಿ, ಬೇರೆಯವರ ಸೇಬಿನ ಮರದ ನಡುವೆ ಬದುಕು ಶುರು ಮಾಡಬೇಕಾಯಿತು. ಈಗ ಜಿಲ್ಲೆಯಲ್ಲಿರುವ ಎಷ್ಟೋ ಮನೆತನಗಳು ಹೀಗೆ ಬಂದವರ ಮಕ್ಕಳು ಮೊಮ್ಮಕ್ಕಳೇ. ಅಲ್ಲಿನ ಹಿರಿಯರ ಜೊತೆ ಮಾತಾಡುವಾಗ ನಿಮ್ಮ ಮಗಳು ಇದನ್ನು ನೆನಪಿಡಲಿ. 'ನೀವು ಇಲ್ಲಿಯವರೇನಾ' ಅನ್ನುವ ಪ್ರಶ್ನೆ ಅಲ್ಲಿ ಹಗುರವಲ್ಲ.

ಹೊಸಬರು ಸಾಕಾಗಲಿಲ್ಲ. ತಮ್ಮ ದೇಶದ ಅಂತರ್ಯುದ್ಧದಿಂದ ಓಡಿಬಂದಿದ್ದ ಗ್ರೀಕರನ್ನು 1950ರ ದಶಕದ ಆರಂಭದಲ್ಲಿ ಕ್ರೊಶ್ಚೆಂಕೊ ಊರಿನಲ್ಲಿ ಇಳಿಸಿದರು. ಅವರು ಅಲ್ಲಿ ಸಹಕಾರಿ ಬೇಸಾಯ ಮಾಡಿದರು. ಸರ್ಕಾರಿ ಫಾರಂಗಳು ಬಂದವು, ಮರ ಕಡಿಯುವವರು ಬಂದರು. 1962ರಲ್ಲಿ ಬೆಟ್ಟಗಳನ್ನು ಸುತ್ತುವ ದೊಡ್ಡ ವರ್ತುಲ ರಸ್ತೆ ಮುಗಿಯಿತು. ಪ್ರವಾಸಿಗರು ಬರತೊಡಗಿದ್ದು ಆಮೇಲೆ. ಇನ್ನೊಂದು ಕಡೆ, ಆರ್ವಾಮುಫ್‌ನಂಥ ಕಾಡನ್ನು ಬೇಲಿ ಹಾಕಿ ದೊಡ್ಡ ಅಧಿಕಾರಿಗಳ ಬೇಟೆಗೆ ಇಟ್ಟುಕೊಂಡರು. 1982ರಲ್ಲಿ ಕಾರ್ಮಿಕ ನಾಯಕ ಲೆಖ್ ವಾವೆನ್ಸಾ ಅವರನ್ನು ಬಂಧನದಲ್ಲಿಟ್ಟದ್ದು ಇದೇ ಆರ್ವಾಮುಫ್‌ನಲ್ಲಿ.

ಹೆಸರುಗಳ ವಿಷಯ ಹೇಳದೆ ಬಿಟ್ಟರೆ ನನಗೆ ಸಮಾಧಾನ ಆಗುವುದಿಲ್ಲ. ಸೋವಿಯತ್ ಕಾಲದಲ್ಲಿ ಲುತೊವಿಸ್ಕಾಕ್ಕೆ ಯುಕ್ರೇನಿನ ಕವಿ ಶೆವ್ಚೆಂಕೊ ಹೆಸರಿಟ್ಟಿದ್ದರು. ಪೋಲೆಂಡಿಗೆ ಬಂದ ಮೇಲೂ 1957ರವರೆಗೆ ಅದೇ ಹೆಸರು ಉಳಿಯಿತು. 1977ರಲ್ಲಿ ಉಲ್ಟಾ ಆಯಿತು. ಯುಕ್ರೇನಿಯನ್ ವಾಸನೆ ಬರುವ ನೂರಕ್ಕೂ ಜಾಸ್ತಿ ಊರ ಹೆಸರುಗಳನ್ನು ಈ ಸೀಮೆಯಲ್ಲಿ ಸರ್ಕಾರ ಬದಲಿಸಿತು. ಮುಚ್ನೆ ಹೋಗಿ 'ಕಜಿಮಿಯೆಜೊವೊ' ಆಯಿತು, ಅಲ್ಲಿ ಬೇಟೆ ಬಿಡಾರ ನಡೆಸುತ್ತಿದ್ದ ಒಬ್ಬ ಕರ್ನಲ್‌ನ ಹೆಸರಿನಲ್ಲಿ. ಜನ, ಲೇಖಕರು, ಚಾರಣಿಗರು ಸುಮ್ನೆ ಇರಲಿಲ್ಲ. 1981ರಲ್ಲಿ ಹಳೆಯ ಹೆಸರುಗಳು ಬಹುಮಟ್ಟಿಗೆ ಮರಳಿ ಬಂದವು. ನಿಮ್ಮ ಮಗಳ ನಕ್ಷೆಯಲ್ಲಿ 'ಬೆನ್ಯೋವಾ' ಅಂತ ಇರುವುದನ್ನು ಇದರ ಜೊತೆ ಇಟ್ಟು ನೋಡಿ. ಮನೆಗಳು ಹೋದವು, ಹೆಸರನ್ನು ಮಾತ್ರ ಜನ ಬಿಟ್ಟುಕೊಡಲಿಲ್ಲ.

ಆಡಳಿತದ ಲೆಕ್ಕದಲ್ಲಿ ಇಂದಿನ ಜಿಲ್ಲೆ ತೀರಾ ಎಳೆಯದು. 1999ರಲ್ಲಿ ಪೊವ್ಯಾತ್‌ಗಳು ಮರಳಿ ಬಂದಾಗ ಪಕ್ಕದ ಲೆಸ್ಕೊ ಸೀಮೆ ಕೂಡ ಇದರೊಳಗಿತ್ತು. 2002ರಲ್ಲಿ ಅದು ಬೇರೆಯಾಯಿತು.

ಇನ್ನು ಕಾಡು. 1973ರಲ್ಲಿ ಬ್ಯೆಶ್ಚಾದಿ ರಾಷ್ಟ್ರೀಯ ಉದ್ಯಾನ ಶುರುವಾಯಿತು. ಆಗ 60 ಚದರ ಕಿ.ಮೀ. ಕೂಡ ಇರಲಿಲ್ಲ, ಈಗ ಸುಮಾರು 292. ಪೋಲೆಂಡ್ ಮತ್ತು ಸ್ಲೊವಾಕಿಯಾ 1992ರಲ್ಲಿ, ಆಮೇಲೆ 1998ರಲ್ಲಿ ಯುಕ್ರೇನ್ ಕೂಡ ಸೇರಿ, ಮೂರು ದೇಶದ ಒಂದೇ ಜೀವಗೋಳ ಮೀಸಲು ಮಾಡಿಕೊಂಡವು. ಕರಡಿ, ತೋಳ, ಲಿಂಕ್ಸ್ ಇವೆ. ಯುರೋಪಿನ ಕಾಡೆಮ್ಮೆಯಾದ ಬೈಸನ್‌ಗಳನ್ನು 1963ರಲ್ಲಿ ತಂದು ಬಿಟ್ಟರು. ಬೆಟ್ಟದ ಇಳಿಜಾರುಗಳಲ್ಲಿ ನಿಜವಾಗಿ ಹಳೆಯ ಬೀಚ್ ಕಾಡು ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಣಿವೆಯ ಕಾಡು ಬೇರೆ. ಉಳುವವರು ಹೋದ ಮೇಲೆ ಹೊಲಕ್ಕೆ ಮೊದಲು ಬೂದು ಆಲ್ಡರ್ ಗಿಡಗಳು ನುಗ್ಗಿದವು. ಅವುಗಳ ನೆರಳಲ್ಲಿ ಉಳಿದ ಮರಗಳು ಬಂದವು. ಇಂದು ಅಲ್ಲಿ ಕಾಡುಪ್ರಾಣಿಗಳು ನೆಮ್ಮದಿಯಾಗಿವೆ ಅಂದರೆ ಅದಕ್ಕೆ ಒಂದು ಕಾರಣ ಜನರ ಗಡೀಪಾರು. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡು ಆ ಕಾಡಿನಲ್ಲಿ ನಡೆಯಬೇಕು ಅಂತ ನನ್ನ ಅಭಿಪ್ರಾಯ.

ಊರು ಎಲ್ಲಿತ್ತು ಅಂತ ಗುರುತಿಸುವುದು ಕಷ್ಟವಲ್ಲ. ಗಿಡಗಳೇ ಹೇಳುತ್ತವೆ. ಕಾಡಿನ ನಡುವೆ ಒಮ್ಮೆಲೇ ಒತ್ತಾಗಿ ತುರಚೆ ಗಿಡ ಕಂಡರೆ ಅಲ್ಲಿ ಕೊಟ್ಟಿಗೆಯೋ ತಿಪ್ಪೆಯೋ ಇದ್ದಿರಬೇಕು. ಸಗಣಿ ಗೊಬ್ಬರದ ಸಾರ ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಎತ್ತರದ ಆಶ್ ಮರಗಳು ಸಾಲಾಗಿ ನಿಂತಿದ್ದರೆ ಅದು ಮನೆಯಂಗಳ. ಸೇಬು, ಪೇರ್, ಪ್ಲಮ್ ಮರಗಳು ಹಿತ್ತಿಲು. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೆಲ ಕಂಡರೆ ಅದು ಉಳುಮೆಯ ಗುರುತು. ನೆಲಕ್ಕೆ ಹಬ್ಬಿದ, ಚಳಿಗಾಲದಲ್ಲೂ ಹಸಿರಾಗಿರುವ ನೀಲಿ ಹೂವಿನ ಬಳ್ಳಿ ಕಂಡರೆ ಸ್ವಲ್ಪ ನಿಲ್ಲಿ. ಅದು ನಮ್ಮ ಕಾಶಿಕಣಗಿಲೆಯ ನಂಟಿನ ಗಿಡ. ಅದನ್ನು ಗೋರಿಗಳ ಮೇಲೆ ನೆಡುತ್ತಿದ್ದರು.

ಅಕ್ಟೋಬರ್‌ನಲ್ಲಿ ಹೋಗುವುದಾದರೆ ನಾನು ಹೇಳುವ ದಾರಿ ಹೀಗಿದೆ. ಉಸ್ಟ್‌ಶಿಕಿ ದೋಲ್ನೆಯಿಂದ ಶುರು ಮಾಡಲಿ. ಅಲ್ಲಿನ ಗ್ರಂಥಾಲಯದ ಕಟ್ಟಡ ಹಿಂದೆ ಯಹೂದಿಗಳ ಪ್ರಾರ್ಥನಾ ಮಂದಿರವಾಗಿತ್ತು. ಲುತೊವಿಸ್ಕಾದಲ್ಲಿ ಹಳೆಯ ಯಹೂದಿ ಸ್ಮಶಾನ ಇದೆ, ಹುಲ್ಲಿನ ನಡುವೆ ನೂರಾರು ಕಲ್ಲುಗಳು. ಅಲ್ಲಿಂದ ಮುಂದೆ ಸ್ಮೊಲ್ನಿಕ್. ಇದನ್ನು ಮಾತ್ರ ತಪ್ಪಿಸಬಾರದು. 1791ರಲ್ಲಿ ಕಟ್ಟಿದ ಬೋಯ್ಕೊ ಶೈಲಿಯ ಮರದ ಚರ್ಚು, ಗುಡ್ಡದ ಮೇಲೆ ಒಂಟಿಯಾಗಿ ನಿಂತಿದೆ. ಮೂರು ಭಾಗ, ಮೂರು ಸೂರು. 1951ರಲ್ಲಿ ಊರು ಖಾಲಿಯಾದ ಮೇಲೆ ಅದರಲ್ಲಿ ಒಣಹುಲ್ಲು ತುಂಬುತ್ತಿದ್ದರು. 1974ರಿಂದ ರೋಮನ್ ಕ್ಯಾಥೊಲಿಕರು ಬಳಸುತ್ತಿದ್ದಾರೆ. 2013ರಲ್ಲಿ ಪೋಲೆಂಡ್ ಮತ್ತು ಯುಕ್ರೇನಿನ 16 ಮರದ ಚರ್ಚುಗಳನ್ನು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಇದೂ ಸೇರಿತು.

ಸಮಯ ಇದ್ದರೆ ಬುಕೊವ್ಯೆತ್ಸ್‌ನಿಂದ ಬೆನ್ಯೋವಾ ದಾಟಿ ಸಾನ್ ನದಿಯ ಮೂಲದವರೆಗೆ ಹೋಗುವ ಕಾಲುದಾರಿ ಹಿಡಿಯಲಿ. ಒಂದಿಡೀ ದಿನ ಬೇಕು. ಕೊನೆಯಲ್ಲಿ ಶ್ಯಾಂಕಿ ಸಿಗುತ್ತದೆ. ಪೋಲೆಂಡಿನ ಕಡೆ ಗೋರಿಗಳು ಮತ್ತು ಮರಗಳು ಮಾತ್ರ. ತೊರೆಯ ಆಚೆ ಅದೇ ಹೆಸರಿನ ಯುಕ್ರೇನಿನ ಊರು ಇನ್ನೂ ಬದುಕಿದೆ. ಅಲ್ಲಿ ರೈಲು ನಿಲ್ದಾಣ ಇದೆ. ಈಚೆ ಗೋರಿಗಳ ಹತ್ತಿರ ನಿಂತರೆ ಆಚೆ ಹೋಗುವ ರೈಲಿನ ಸದ್ದು ಕೇಳುತ್ತದೆ. ಗಡಿ ದಾಟುವ ಆಸೆ ಬೇಡ, ಗಡಿ ಕಾವಲಿನವರು ಅಲ್ಲಿ ತಿರುಗುತ್ತಲೇ ಇರುತ್ತಾರೆ. ಗುರುತಿನ ಚೀಟಿ ಜೊತೆಯಲ್ಲಿರಲಿ.

ದೂರ ನಡೆಯಲು ಆಗದಿದ್ದರೆ ತ್ಸಾರಿನ್ಸ್ಕ್ಯೆ ಸಾಕು. ಅಲ್ಲಿ ಹಾಳಾದ ಊರಿನ ಸ್ಮಶಾನ ಇದೆ, ಕಣಿವೆಯಲ್ಲಿ ಹಳೆಯ ಹಿತ್ತಿಲುಗಳ ಹಣ್ಣಿನ ಮರಗಳಿವೆ. ಆ ಹೊತ್ತಿಗೆ ಹಣ್ಣು ಮಾಗಿ ಉದುರಿರುತ್ತದೆ. ಅದನ್ನು ತಿನ್ನಲು ಕರಡಿಗಳು ಬರುತ್ತವೆ, ಹೆಚ್ಚಾಗಿ ಮುಸ್ಸಂಜೆಯ ನಂತರ. ಹಾಗಾಗಿ ಕತ್ತಲಾಗುವ ಮೊದಲೇ ರಸ್ತೆಗೆ ಬಂದುಬಿಡಲು ಹೇಳಿ.